ನೀಲಿ ಹೊಗೆಯ ಸಾಕ್ಷಿ

ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ಇದು ವಿನಯದ ಮಾತಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿ, ಸಾಕ್ಷಿ ಇಲ್ಲದೆ ಏನನ್ನೂ ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳಿಕೊಟ್ಟವನು ತನ್ನ ತಲೆಗೆ ಮಾತ್ರ ರಿಯಾಯಿತಿ ಕೊಡುವುದು ಹೇಗೆ? ಮೂವತ್ತು ವರ್ಷ ಎಂಬುದು ಕೂಡ ನನ್ನ ಹೆಂಡತಿ ಜೆಸಿಂತಾ ಹೇಳಿ ಗೊತ್ತಾದದ್ದು. ತೊಕ್ಕೊಟ್ಟಿನ ಮಾರ್ಕೆಟಿಗೆ ಕಾರಿನಲ್ಲಿ ಹೋಗಿ ಬಸ್ಸಿನಲ್ಲಿ ಮನೆಗೆ ಬಂದವನು ನಾನು. ಕೈಯಲ್ಲಿ ಬಂಗುಡೆ ಮೀನಿನ ಚೀಲ ಭದ್ರವಾಗಿದ್ದುದರಿಂದ ಏನಾದರೂ ಮರೆತಿರಬಹುದು ಎಂಬ ಸಂಶಯವೇ ಬರಲಿಲ್ಲ. ಜೆಸಿಂತಾಳ ಪ್ರಕಾರ ಅದು ಬಂಗುಡೆ ಅಲ್ಲ, ಬೂತಾಯಿ.

ಇಂಥವನ ಕಾರಿಗೆ ಎಣ್ಣೆ ಕುಡಿಯುವ ಚಟ ಹಿಡಿಯಬಾರದಿತ್ತು. ಎರಡು ಲಕ್ಷದ ನಲವತ್ತು ಸಾವಿರ ಕಿಲೋಮೀಟರ್ ಓಡಿದ ಕಾರು. ಒಂದು ದಿನ ಸುರತ್ಕಲ್‌ನಿಂದ ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ನಂತೂರಿನ ಒಳರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ವಸಂತಣ್ಣ ಬಾನೆಟ್ ಎತ್ತಿ, ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ನನ್ನ ಮೂಗಿನ ಎದುರು ಹಿಡಿದ. ಕಡ್ಡಿ ಒಣಗಿತ್ತು. “ಎಂತ ಮಾಷ್ಟ್ರೇ ಇದು, ಎಂಜಿನ್‌ಗೂ ಉಪವಾಸವಾ? ಕಡೇಗೆ ಆಯಿಲ್ ಹಾಕಿದ್ದು ಯಾವಾಗ?” ಎಂದು ಕೇಳಿದ. ಹೋದ ತಿಂಗಳು ಒಂದು ಲೀಟರ್ ಹಾಕಿದ ನೆನಪು ಎಂದೆ. “ನೆನಪಾ, ಹಾಕಿದ್ದಾ?” ಎಂದು ಜೆಸಿಂತಾ ಹಿಂದಿನ ಸೀಟಿನಿಂದ ಕೇಳಿದಳು. ನನ್ನ ಮೂವತ್ತು ವರ್ಷದ ಪಾಠದಲ್ಲಿ ಇಷ್ಟು ಖಚಿತವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಪ್ರಶ್ನೆ ನಿಜಕ್ಕೂ ಸರಳ. ನಾನು ಹಾಕಿದ್ದು ಹೌದಾದರೆ ಎಂಜಿನ್ ಎಣ್ಣೆ ಸುಡುತ್ತಿದೆ, ತಪ್ಪು ಕಾರಿನದ್ದು. ಎಂಜಿನ್ ಸುಡುತ್ತಿಲ್ಲವಾದರೆ ನಾನು ಹಾಕಿಯೇ ಇಲ್ಲ, ತಪ್ಪು ನನ್ನದು. ಜೆಸಿಂತಾ ಮನೆಗೆ ಬಂದ ಕೂಡಲೇ ತೀರ್ಪಿನ ಶರ್ತವನ್ನೂ ಹೇಳಿಬಿಟ್ಟಳು. “ನೋಡಿ ಮಾರಾಯ್ರೇ, ಕಾರಿಗೆ ರೋಗ ಅಂತಾದ್ರೆ ಕೀ ನಿಮ್ಮ ಹತ್ರ ಇರ್ಲಿ. ನಿಮಗೆ ಅಂತಾದ್ರೆ ಇನ್ನು ಡ್ರೈವಿಂಗ್ ನಾನೇ ಮಾಡ್ತೇನೆ.” ಸ್ವಂತ ಕಾರಿನ ಎಂಜಿನ್ ಹಾಳಾಗಿರಲಿ ಎಂದು ಹಾರೈಸಿದ ಮಾಲಕ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ಜೆಸಿಂತಾ ಗಲ್ಫಿನ ಆಸ್ಪತ್ರೆಯಲ್ಲಿ ಬಹಳ ಕಾಲ ನರ್ಸ್ ಆಗಿದ್ದವಳು. ರೋಗಿಯ ಹೊಟ್ಟೆಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಬರೆಯುವ ಚಾರ್ಟಿನಂಥದ್ದನ್ನೇ ಕಾರಿಗೂ ಗೀಚಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅವರ ಕಸುಬಿನಲ್ಲಿ ಒಂದು ನಿಯಮ ಉಂಟಂತೆ: ಬರೆಯದಿದ್ದರೆ ಮಾಡಿಯೇ ಇಲ್ಲ. ವಸಂತಣ್ಣ ಎಣ್ಣೆ ತುಂಬಿಸಿ ಕಳಿಸಿದ್ದ, ನಾನು ದಿನಾ ಬೆಳಿಗ್ಗೆ ಕಡ್ಡಿ ನೋಡಿ ಬರೆದೆ. ಎಣ್ಣೆ ಕೆಳಗೆ ಸೋರುತ್ತದೋ ಎಂದು ತಿಳಿಯಲು ರಾತ್ರಿ ಎಂಜಿನ್‌ನ ಅಡಿಗೆ ಪೇಪರ್ ಹಾಸಿದೆ. ಬೆಳಿಗ್ಗೆ ಅದರಲ್ಲಿ ಒಂದು ತೊಟ್ಟೂ ಇರಲಿಲ್ಲ. ಅದೇ ಪೇಪರನ್ನು ಕಾಫಿಯ ಜೊತೆ ಪೂರ್ತಿ ಓದಿದೆ. ನಿನ್ನೆಯದ್ದು ಎಂದು ಗೊತ್ತಾದದ್ದು ಮಧ್ಯಾಹ್ನ. ಹದಿನೈದು ದಿನದಲ್ಲಿ ಮಟ್ಟ ಅರ್ಧ ಕಡ್ಡಿಯಷ್ಟು ಇಳಿದಿತ್ತು. ನಾನು ಗೆದ್ದೆನೆಂದು ಚಾರ್ಟು ತೋರಿಸಿದರೆ ಜೆಸಿಂತಾ ಕನ್ನಡಕ ಹಾಕಿಕೊಂಡು, “ಇದರಲ್ಲಿ ಎರಡು ಮಂಗಳವಾರ ಒಟ್ಟೊಟ್ಟಿಗೆ ಉಂಟಲ್ಲ?” ಎಂದಳು. ಆರೋಪಿಯೇ ಬರೆದ ಸಾಕ್ಷಿ ಬಿದ್ದುಹೋಯಿತು.

ಉಳಿದದ್ದು ಹೊಗೆಯ ಪರೀಕ್ಷೆ. ವಸಂತಣ್ಣ ಹೇಳಿಕೊಟ್ಟಿದ್ದ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ. ಬಿಳಿ ಹೊಗೆ ಬಂದು ನಿಲ್ಲದಿದ್ದರೆ ಒಳಗೆ ನೀರು ಹೋಗುತ್ತಿದೆ. ನೀಲಿಯಾದರೆ ಎಣ್ಣೆ ಸುಡುತ್ತಿದೆ. “ಇಳಿಜಾರಿನಲ್ಲಿ ಎಕ್ಸಿಲೇಟರ್ ಬಿಟ್ಟು ಇಳೀರಿ, ಮತ್ತೆ ಏರಿನಲ್ಲಿ ಒತ್ತಿ ಹತ್ತಿರಿ, ಹಿಂದಿನಿಂದ ಒಬ್ಬರು ನೋಡ್ಬೇಕು.” ಒಬ್ಬರು ಯಾಕೆಂದರೆ, ಹೊಗೆ ಬಿಡುವವನಿಗೆ ತನ್ನ ಹೊಗೆ ಕಾಣುವುದಿಲ್ಲ. ಇದನ್ನು ನಾನು ತತ್ತ್ವಶಾಸ್ತ್ರದಲ್ಲಿ ಬೇರೆ ಮಾತಿನಲ್ಲಿ ಓದಿದ್ದೆ.

ಭಾನುವಾರ ಬೆಳಿಗ್ಗೆ ಕದ್ರಿ ಕಡೆಯ ಒಂದು ಏರಿನ ತುದಿಯಲ್ಲಿ ಕಾರು ನಿಲ್ಲಿಸಿದೆವು. ಪರೀಕ್ಷೆ ಶಾಸ್ತ್ರೋಕ್ತವಾಗಿರಲೆಂದು ಎಣ್ಣೆಯನ್ನು ಕಡ್ಡಿಯ ಮೇಲಿನ ಗೆರೆಯ ತನಕ ತುಂಬಿಸಿ, ಬಾನೆಟ್ ಮುಚ್ಚಿದೆ. ಜೆಸಿಂತಾ ಚಾರ್ಟು ಹಿಡಿದು ರಸ್ತೆ ಬದಿಯಲ್ಲಿ ನಿಂತಳು. ನಾನು ಇಳಿದೆ, ಬುಡದಲ್ಲಿ ತಿರುಗಿಸಿದೆ, ಒತ್ತಿ ಹತ್ತಿದೆ. ಅವಳನ್ನು ದಾಟುವಾಗ ತೆರೆದ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು: “ನೀಲಿ! ನೀಲಿ!” ಕನ್ನಡಿಯಲ್ಲಿ ನೋಡಿದರೆ ಕೈ ಬೀಸುತ್ತಾ ಹಿಂದಿನಿಂದ ಓಡಿಯೂ ಬರುತ್ತಿದ್ದಳು. ಗಂಡ ನಿರಪರಾಧಿ ಎಂದು ಇಷ್ಟು ಸಂತೋಷಪಡುವ ಹೆಂಡತಿ ಎಷ್ಟು ಮಂದಿಗೆ ಸಿಗುತ್ತಾಳೆ? ನಾನೂ ಕೈ ಬೀಸಿ, ಸುದ್ದಿ ಹೇಳಲು ಸೀದಾ ನಂತೂರಿಗೆ ಬಿಟ್ಟೆ. ದಾರಿಯಲ್ಲಿ ಕರಟಿದ ವಾಸನೆ ಬಂತು. ಲಾರಿಗಳದ್ದು ಅಂದುಕೊಂಡೆ.

ಭಾನುವಾರವಾದರೂ ವಸಂತಣ್ಣ ಗ್ಯಾರೇಜಿನಲ್ಲೇ ಇದ್ದ. “ನೀಲಿ ವಸಂತಣ್ಣ, ಒಳ್ಳೇ ನೀಲಿ!” ಎಂದೆ. ಅವನು ನನ್ನನ್ನು ನೋಡಲಿಲ್ಲ. ಬಾನೆಟ್ಟಿನ ಸಂದಿಯಿಂದ ಏಳುತ್ತಿದ್ದ ಹೊಗೆಯನ್ನು ನೋಡುತ್ತಿದ್ದ. ಬಾನೆಟ್ ಎತ್ತಿದರೆ ಎಂಜಿನ್ ಪೂರ್ತಿ ಎಣ್ಣೆಯಲ್ಲಿ ಮಿಂದಿತ್ತು. “ಆಯಿಲ್ ಹಾಕುವಲ್ಲಿಯ ಮುಚ್ಚಳ ಎಲ್ಲಿ ಮಾಷ್ಟ್ರೇ?” ಎಂದು ಕೇಳಿದ. ನಾನು ಯೋಚಿಸಿದೆ. ಅವನು ಇನ್ನೊಂದು ಪ್ರಶ್ನೆ ಹಾಕಿದ: “ಬಾಯಮ್ಮ ಎಲ್ಲಿ?” ನಾನು ಪಕ್ಕದ ಸೀಟು ನೋಡಿದೆ. ಅಲ್ಲಿ ಜೆಸಿಂತಾಳ ಕೊಡೆ ಇತ್ತು.

ಎರಡು ಪ್ರಶ್ನೆಗೂ ಉತ್ತರ ಒಂದೇ ಆಟೋದಲ್ಲಿ ಬಂದು ಇಳಿಯಿತು. ಜೆಸಿಂತಾಳ ಮುಖ ಬಿಸಿಲಿಗೆ ಕೆಂಪಾಗಿತ್ತು, ಕೈಯಲ್ಲಿ ಮುಚ್ಚಳ ಇತ್ತು. “ಇದನ್ನು ಸ್ವಲ್ಪ ಹಿಡ್ಕೋ ಅಂತ ಕೊಟ್ಟದ್ದು ಯಾರು? ನಾನು ಪೆನ್ನು ಹುಡುಕುವಷ್ಟರಲ್ಲಿ ಇಳಿದು ಹೋದ್ರಿ. ಹತ್ತಿ ಬರುವಾಗ ‘ನಿಲ್ಲಿ, ನಿಲ್ಲಿ’ ಅಂತ ಬೊಬ್ಬೆ ಹಾಕಿದ್ರೆ ಟಾಟಾ ಮಾಡಿಕೊಂಡು ಹೋದ್ರಲ್ಲ ಮಾರಾಯ್ರೇ!”

ನನ್ನದು ತುಳು, ಅವಳದ್ದು ಕೊಂಕಣಿ. ಮದುವೆಯಾದಾಗ ಯಾರಿಗೂ ಅನ್ಯಾಯ ಆಗಬಾರದೆಂದು ಮನೆಯಲ್ಲಿ ಕನ್ನಡ ಎಂದು ರಾಜಿ ಮಾಡಿಕೊಂಡಿದ್ದೆವು. ಅವಳು ಕೊಂಕಣಿಯಲ್ಲಿ ‘ರಾವಾ’ ಎಂದಿದ್ದರೆ, ಅಥವಾ ನನಗಾಗಿ ತುಳುವಿನಲ್ಲಿ ‘ಉಂತುಲೆ’ ಎಂದಿದ್ದರೆ ನಾನು ಖಂಡಿತ ನಿಲ್ಲುತ್ತಿದ್ದೆ. ಇದನ್ನು ಹೇಳಿ ನೋಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ವಸಂತಣ್ಣ ಎಲ್ಲ ಒರೆಸಿ, ಎಣ್ಣೆ ಸರಿಮಾಡಿ, ಮುಚ್ಚಳ ಹಾಕಿ, ಎಂಜಿನ್ ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಟ್ಟು ಆಮೇಲೆ ಒತ್ತಿದ. ಹಿಂದಿನ ಕೊಳವೆಯಿಂದ ಬುಸ್ಸೆಂದು ಒಂದು ಮುದ್ದೆ ಹೊಗೆ ಬಂದು ನಿಂತಿತು. ಅದು ನಿಜಕ್ಕೂ ನೀಲಿ. “ವಾಲ್ವಿನ ಸೀಲು ಹೋಗಿದೆ. ವಯಸ್ಸಾದ ಗಾಡಿ ಅಲ್ವಾ, ರಬ್ಬರು ಗಟ್ಟಿಯಾಗಿ ಎಣ್ಣೆ ಹಿಡೀಲಿಕ್ಕೆ ಆಗುದಿಲ್ಲ. ಬದಲಿಸಿದ್ರೆ ಸರಿಯಾಗ್ತದೆ” ಎಂದ. ಎಣ್ಣೆಯ ವಿಷಯದಲ್ಲಿ ಹಾಗಾದರೆ ನಾನು ಸರಿ ಎಂದು ಜೆಸಿಂತಾಳ ಕಡೆ ತಿರುಗಿದೆ. ಅವಳು ಕೈ ಚಾಚಿದಳು. ಕೀ ಕೊಟ್ಟೆ.

ಈಗ ಕಾರಿಗೆ ಹೊಸ ಸೀಲು ಬಂದಿದೆ, ಹೊಗೆ ಇಲ್ಲ. ಜೆಸಿಂತಾ ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೊಡೆ ಹಿಡಿದು ಕೂರುತ್ತೇನೆ. ಅವಳು ಆ ದಿನ ‘ನೀಲಿ’ ಎಂದೇ ಕೂಗಿದ್ದು ಎಂದು ನನಗೆ ಇವತ್ತಿಗೂ ಸ್ಪಷ್ಟವಾಗಿ ನೆನಪುಂಟು. ಆದರೆ ಫ್ರಿಜ್ಜಿನ ಮೇಲಿನ ಚಾರ್ಟಿನಲ್ಲಿ ಆ ಭಾನುವಾರದ ಎದುರು ‘ನಿಲ್ಲಿ’ ಎಂದು ಬರೆದಿದೆ. ಅಕ್ಷರ ನೋಡಿದರೆ ನನ್ನದೇ.