ಸೋಲಲೊಪ್ಪದ ಕೊನೆಯ ಚಕ್ರವರ್ತಿ

ಒಂದು ರಾಜವಂಶದ ಕೊನೆಯ ಚಕ್ರವರ್ತಿ ಬಹ್ರೇನಿನಲ್ಲಿ ಒಂಬತ್ತು ವರ್ಷ ಸೋಲದೆ ಆಳಿದರು ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಅವರು ನನ್ನ ಅಕ್ಕನ ಗಂಡ!

ಭಾವನಿಗೆ ಸಿತ್ರಾದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಅದು ಹೊಟ್ಟೆಪಾಡು. ನಿಜವಾದ ಉದ್ಯೋಗವೆಂದರೆ, ನಮ್ಮ ಕನ್ನಡದವರು ವರ್ಷಕ್ಕೊಮ್ಮೆ ಆಡುವ ನಾಟಕದಲ್ಲಿ ಚಕ್ರವರ್ತಿಯಾಗುವುದು. ಬರೆದವರೂ ಅವರೇ. ಕೊನೆಯ ದೃಶ್ಯದಲ್ಲಿ ಚಕ್ರವರ್ತಿ ಮಂಡಿಯೂರಿ, ಗೆದ್ದ ಸೇನಾಪತಿಯ ಕೈಗೆ ಕಿರೀಟ ಕೊಡಬೇಕು. ಕೊಟ್ಟರೆ ತಾನೆ!

ಪ್ರತಿವರ್ಷ ಹೊಸದೊಂದು ದೃಶ್ಯ ಸೇರುತ್ತಿತ್ತು. ಒಮ್ಮೆ ಬೇಟೆ, ಒಮ್ಮೆ ಕೆರೆ ಕಟ್ಟಿಸುವುದು, ಮತ್ತೊಮ್ಮೆ ಎರಡನೇ ಮದುವೆ. ಆ ವಾರ ಅಕ್ಕ ಅವರೊಡನೆ ಮಾತೇ ಆಡಲಿಲ್ಲ. ಶುಕ್ರವಾರ ಐದಕ್ಕೆ ಸಭಾಂಗಣ ಬಿಡಬೇಕು. ಶತ್ರುಸೇನೆ ಕೋಟೆ ಬಾಗಿಲಿಗೆ ಬರುವುದಕ್ಕೂ ವಾಚ್‌ಮನ್ ಒಳಗೆ ಇಣುಕಿ "ಖಲಾಸ್" ಅನ್ನುವುದಕ್ಕೂ ಸರಿಹೋಗುತ್ತಿತ್ತು. ಪರದೆ ಬೀಳುತ್ತಿತ್ತು, ಸಾಮ್ರಾಜ್ಯ ಉಳಿಯುತ್ತಿತ್ತು.

ಯಾಕೆ ಹೀಗೆ ಎಂದು ಒಮ್ಮೆ ಭಾವನನ್ನೇ ಕೇಳಿದ್ದೆ.

"ಪಾಪದ ಮನುಷ್ಯ, ಇತಿಹಾಸದಲ್ಲಿ ಒಮ್ಮೆ ಸೋತದ್ದು ಸಾಲ್ದಾ? ನಾನಿರುವಷ್ಟು ದಿನ ಸೋಲ್ಲಿಕ್ಕೆ ಬಿಡುದಿಲ್ಲ," ಅಂದರು.

ಕಷ್ಟವೆಲ್ಲ ಸೇನಾಪತಿಯದು. ಹೋಟೆಲೊಂದರಲ್ಲಿ ಅಡುಗೆ ಮಾಡುವ ಫೆಲಿಕ್ಸಣ್ಣನಿಗೆ ಇದ್ದದ್ದು ಅದೊಂದೇ ದೃಶ್ಯ, ನಾಲ್ಕೇ ಮಾತು. ಪ್ರತಿವರ್ಷ ರಜೆ ಹಾಕಿ, ಮೀಸೆ ಅಂಟಿಸಿ, ಕತ್ತಿ ಹಿಡಿದು ಮೂರು ಗಂಟೆ ಪರದೆಯ ಮರೆಯಲ್ಲಿ ನಿಲ್ಲುತ್ತಿದ್ದರು. ಆಮೇಲೆ ಮೀಸೆ ಕಿತ್ತು ಮನೆಗೆ ಹೋಗುತ್ತಿದ್ದರು. ದೂರಿದ್ದಿಲ್ಲ. "ಬರುವ ವರ್ಷ ಗೆಲ್ಲುವ," ಎನ್ನುತ್ತಿದ್ದರು, ಅಷ್ಟೆ.

ಈ ಸಲ ಬರುವ ವರ್ಷ ಇರಲಿಲ್ಲ. ಫೆಲಿಕ್ಸಣ್ಣ ವೀಸಾ ರದ್ದು ಮಾಡಿಸಿ, ನಾಟಕ ಮುಗಿದ ಮರು ಭಾನುವಾರವೇ ಊರಿಗೆ ಹೊರಡುವವರಿದ್ದರು.

ಸುದ್ದಿ ಕೇಳಿದ್ದೇ ಭಾವ ನಾಟಕದ ಹಸ್ತಪ್ರತಿ ತೆಗೆದರು. ಕೆಂಪು ಪೆನ್ನು ಹಿಡಿದು ಕೂತರು. ಬೇಟೆ ಹೋಯಿತು, ಕೆರೆ ಹೋಯಿತು, ಎರಡನೇ ಹೆಂಡತಿಯೂ ಹೋದಳು. ಅಕ್ಕ ಪಾಯಸ ಮಾಡಿದಳು!

ನಾಟಕದ ದಿನ ಚಕ್ರವರ್ತಿ ಹುಟ್ಟಿದ್ದೇ ತಡ, ಸೋಲುವುದಕ್ಕೆ ಓಡಿದರು. ನಾಲ್ಕೂಕಾಲಿಗೆಲ್ಲ ಕೋಟೆ ಬಿತ್ತು. ಪರದೆಯ ಮರೆಯಲ್ಲಿ ಫೆಲಿಕ್ಸಣ್ಣ ಇನ್ನೂ ಅರ್ಧ ಮೀಸೆಯಲ್ಲಿದ್ದರು. ಹಾಗೇ ರಂಗಕ್ಕೆ ತಳ್ಳಿದೆವು. ಭಾವ ನೋಯುವ ಮಂಡಿಯೂರಿ ಕಿರೀಟ ಎತ್ತಿ ಹಿಡಿದರು.

ಒಂಬತ್ತು ವರ್ಷ ಬಾಯಿಪಾಠ ಮಾಡಿದ ನಾಲ್ಕು ಮಾತು ಫೆಲಿಕ್ಸಣ್ಣನಿಗೆ ಮರೆತೇಹೋಗಿತ್ತು. ಮೆಲ್ಲಗೆ ಹೇಳಿದ್ದನ್ನು ಮೈಕು ಹಿಡಿಯಿತು:

"ನೀವೇ ಇಟ್ಕೊಳ್ಳಿ ಮಾರಾಯ್ರೆ. ನನ್ನ ಲಗೇಜಲ್ಲಿ ಇನ್ನು ಜಾಗ ಇಲ್ಲ."

ಸಭೆ ನಕ್ಕಿತು. ಭಾವ ನಗಲಿಲ್ಲ. ಎದ್ದು, ಕಿರೀಟವನ್ನು ತಾವೇ ಅವರ ತಲೆಗಿಟ್ಟರು.

"ಹಾಗಾದ್ರೆ ಇಟ್ಕೊಂಡೇ ವಿಮಾನ ಹತ್ತಿ."

ಭಾನುವಾರ ವಿಮಾನ ನಿಲ್ದಾಣಕ್ಕೆ ಫೆಲಿಕ್ಸಣ್ಣ ಎರಡು ಪೆಟ್ಟಿಗೆ ತಳ್ಳಿಕೊಂಡು ಬಂದರು. ತಲೆಯ ಮೇಲೆ ಬಂಗಾರದ ಕಾಗದ ಅಂಟಿಸಿದ ರಟ್ಟಿನ ಕಿರೀಟ! ಜನ ತಿರುಗಿ ನೋಡುತ್ತಿದ್ದರು. ಆ ಕಿರೀಟ ಗಾಜಿನ ಬಾಗಿಲಾಚೆ ಕಾಣದಾಗುವವರೆಗೂ ನಮ್ಮ ಚಕ್ರವರ್ತಿ ಬರಿದಲೆಯಲ್ಲಿ ಕೈ ಬೀಸುತ್ತಲೇ ಇದ್ದರು.