ಹಿಡಿಯೊಳಗಿನ ತುಕ್ಕು

ಮನುಷ್ಯನಿಗೆ ಒಂದು ಹವ್ಯಾಸವಿದ್ದರೆ ಸಾಲದು, ಅದನ್ನು ಕೇಳಿಸಿಕೊಳ್ಳುವ ಕಿವಿಗಳೂ ಎರಡು ಬೇಕು. ಅಂಚೆಚೀಟಿ ಕೂಡಿಡುವವರಿಗೆ, ಗುಲಾಬಿ ಬೆಳೆಸುವವರಿಗೆ ಅಂಥ ಕಿವಿಗಳು ಹೇಗೋ ಸಿಕ್ಕಿಬಿಡುತ್ತವೆ. ನನ್ನ ಪಾಡು ಹಾಗಲ್ಲ. ನನಗಿರುವುದು ಹಳೆಯ ಜಪಾನಿ ಕತ್ತಿಯ ಹುಚ್ಚು. ಅದೂ ಅಲಗಿನದಲ್ಲ, ಬುಡದ್ದು. ಹಿಡಿಯೊಳಗೆ ಹುದುಗಿಕೊಂಡು ಯಾರ ಕಣ್ಣಿಗೂ ಬೀಳದೆ ಕೂತಿರುವ ಆ ಗೇಣುದ್ದದ ಕಬ್ಬಿಣದ ಬಗ್ಗೆ ನಾನು ಬಾಯಿ ತೆರೆದರೆ ಸಾಕು, ನಾವಿರುವ ಪ್ಲಿಮತ್ ಊರಿನ ಕನ್ನಡಿಗರ ಮನೆಗಳಲ್ಲಿ ಎಲ್ಲರಿಗೂ ಒಮ್ಮೆಲೇ ಇನ್ನೊಂದು ಸೌಟು ಬಿಸಿಬೇಳೆಬಾತ್ ಬೇಕೆನಿಸಿ ಅಡುಗೆಮನೆಗೆ ಎದ್ದುಹೋಗುತ್ತಾರೆ.

ಈ ಹುಚ್ಚು ಹತ್ತಿಸಿದವರು ಮೊರಿಟಾ. ಪಕ್ಕದೂರು ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ನಮ್ಮ ಕಾರ್ಖಾನೆಗೆ ಜಪಾನಿನಿಂದ ಬಂದು, ಹನ್ನೊಂದು ವರ್ಷ ನನ್ನ ಪಕ್ಕದ ಮೇಜಿನಲ್ಲಿದ್ದವರು. ಮಧ್ಯಾಹ್ನ ನನ್ನ ಚಿತ್ರಾನ್ನದಲ್ಲಿ ಪಾಲು ತೆಗೆದುಕೊಳ್ಳುತ್ತಾ ಒಂದೊಂದೇ ಹೇಳಿಕೊಟ್ಟರು. ಕತ್ತಿ ಬಡಿದ ಕಮ್ಮಾರ ತನ್ನ ಹೆಸರನ್ನು ಕೆತ್ತುವುದು ಬುಡದಲ್ಲಿ. ಎಷ್ಟೋ ತಲೆಮಾರು ಕಳೆದು, ಉದ್ದವಾಯಿತೆಂದು ಯಾರೋ ಅದನ್ನು ಮೊಟಕು ಮಾಡುವುದೂ ಬುಡದ ಕಡೆಯಿಂದಲೇ. ಹಾಗಾಗಿ ಹೆಸರು ಕತ್ತರಿಸಿ ಹೋಗುತ್ತದೆ. ಮನಸ್ಸು ಬಾರದ ಕೆಲವರು ಹೆಸರಿದ್ದಷ್ಟು ಚೂರನ್ನು ಬಿಡಿಸಿ ಹೊಸ ಬುಡದಲ್ಲಿ ಕೂರಿಸುತ್ತಿದ್ದರಂತೆ. ಇನ್ನು ಕೆಲವರು, ಬಲು ಅಪರೂಪಕ್ಕೆ, ಆ ತುದಿಯನ್ನು ತೆಳ್ಳಗೆ ಮಾಡಿ ಹಿಂದಕ್ಕೆ ಮಡಚಿಬಿಡುತ್ತಿದ್ದರು. ಕತ್ತಿ ಗಿಡ್ಡವಾಯಿತು, ಹೆಸರು ತಲೆಕೆಳಗಾಯಿತು, ಆದರೂ ಉಳಿಯಿತು. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಅಂಥದ್ದೊಂದನ್ನು ಕೈಯಲ್ಲಿ ಹಿಡಿಯುವ ಆಸೆ ಆರು ವರ್ಷ ಕಾಡಿ, ಕೊನೆಗೆ ಶಿಕಾಗೋದ ಹೋಟೆಲೊಂದರಲ್ಲಿ ನಡೆದ ಕತ್ತಿಗಳ ಮೇಳದಲ್ಲಿ ಕೈಗೂಡಿತು. ಕತ್ತಿ ಕೊಂಡು ವಾಪಸು ಬರುವಾಗ, ಜೊತೆಗೆ ಬಂದಿದ್ದ ಮೊರಿಟಾ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದರು. ಅಲಗಿಗೆ ಎಣ್ಣೆ ಹಚ್ಚು, ಬುಡವನ್ನು ಮಾತ್ರ ಉಜ್ಜಬೇಡ, ಅದರ ವಯಸ್ಸಿಗೆ ಸಾಕ್ಷಿ ಆ ಕಪ್ಪು ತುಕ್ಕೊಂದೇ ಎಂದು ಮೂರು ಸಲ ಹೇಳಿದರು.

ಹೋದ ವರ್ಷ ಅವರು ನಿವೃತ್ತರಾಗಿ ತಮ್ಮ ದೇಶಕ್ಕೆ ಹೊರಟುಹೋದರು. ಅವರ ಮೇಜಿನ ಮೇಲೆ ಈಗ ಪ್ರಿಂಟರ್ ಕೂತಿದೆ. ಅದರೊಂದಿಗೂ ಒಂದೆರಡು ಸಲ ಮಾತಾಡಿ ನೋಡಿದ್ದೇನೆ.

ಉಳಿದವಳು ನನ್ನ ಹೆಂಡತಿ ವಿಮಲ. ನಾನು ಕತ್ತಿಯ ಮಾತೆತ್ತಿದರೆ, "ಹೂಂ, ಹೇಳ್ತಾ ಇರಿ, ಕೇಳಿಸ್ತಾ ಇದೆ" ಎಂದು ಮಿಕ್ಸಿ ಹಾಕುತ್ತಾಳೆ. ಒಂದೇ ಒಂದು ದಿನ ಇವಳು ಪಕ್ಕದಲ್ಲಿ ಕೂತು, ಆ ಮಡಿಕೆಯನ್ನು ಮುಟ್ಟಿ, ಇದೇಕೆ ಹೀಗಿದೆ ಎಂದು ಕೇಳಲಿ ಎಂದು ನಾನು ಎಷ್ಟು ಹಂಬಲಿಸಿದ್ದೇನೆ! ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಈ ಸಲದ ಆಯುಧಪೂಜೆಗೆ ಸರಿಯಾಗಿ ಮೊರಿಟಾ ಸುದ್ದಿ ಕಳಿಸಿದರು. ಹಳೆಯ ಹೆಸರುಗಳನ್ನು ಓದಬಲ್ಲ ಹಿರಿಯರೊಬ್ಬರು ಅವರ ಊರಿಗೆ ಬಂದಿದ್ದಾರೆ, ಬುಡದ ಫೋಟೊ ಕಳಿಸು ಎಂದು. ನಾನು ಹಿಡಿ ಬಿಚ್ಚಿ, ಕತ್ತಿಯನ್ನು ಊಟದ ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ಮಲಗಿಸುವಷ್ಟರಲ್ಲಿ ಕಾರ್ಖಾನೆಯಲ್ಲಿ ಮಷಿನ್ ಕೆಟ್ಟು ಕರೆ ಬಂತು. ಗರಾಜಿನಿಂದಲೇ ಕೂಗಿದೆ: "ವಿಮಲಾ, ಮನೇಲಿರೋ ಆಯುಧ ಎಲ್ಲಾ ಚೆನ್ನಾಗಿ ತೊಳ್ದು ದೇವರ ಮುಂದೆ ಇಡು. ನಾನು ಬಂದು ಕಾರಿಗೆ ನಿಂಬೆಹಣ್ಣು ಇಡ್ತೀನಿ!"

ಸಂಜೆ ಬಂದು ನೋಡಿದರೆ ದೇವರ ಮುಂದೆ ಈಳಿಗೆಮಣೆ, ಸ್ಕ್ರೂಡ್ರೈವರ್, ಲ್ಯಾಪ್‌ಟಾಪ್, ಎಲ್ಲಕ್ಕೂ ಕುಂಕುಮ. ನಡುವೆ ನನ್ನ ಕತ್ತಿ. ಅದರ ಬುಡ ನಿನ್ನೆ ತಂದ ಸ್ಟೀಲ್ ಸೌಟಿನಂತೆ ಹೊಳೆಯುತ್ತಿತ್ತು.

"ಹೇಗಿದೆ ರೀ?" ವಿಮಲಳ ಮುಖವೂ ಹೊಳೆಯುತ್ತಿತ್ತು. "ಅಷ್ಟು ಆಸೆಪಟ್ಟು ತಂದಿಟ್ಕೊಂಡಿದೀರ, ಬುಡ ಪೂರ್ತಿ ತುಕ್ಕು! ಹುಣಸೇಹಣ್ಣು ಹಾಕಿ ಎರಡು ಗಂಟೆ ಉಜ್ಜಿದೀನಿ. ಆ ಮಡಿಕೆ ಸಂದಿಗಂತೂ ಟೂತ್‌ಬ್ರಷ್ಷೇ ಬೇಕಾಯ್ತು."

ನಾನು ಸೋಫಾದ ಮೇಲೆ ಕುಸಿದೆ. ಅವಳೂ ಬಂದು ಪಕ್ಕದಲ್ಲಿ ಕೂತಳು.

"ಅದನ್ನ ಯಾಕೆ ಮಡಚಿದಾರೆ ಅಂತ ಉಜ್ತಾ ಉಜ್ತಾ ಗೊತ್ತಾಯ್ತು. ಮಕ್ಕಳ ಪ್ಯಾಂಟ್ ಉದ್ದ ಆದ್ರೆ ಕತ್ತರಿಸದೆ ಒಳಗೆ ಮಡಚಿ ಹೊಲೀತೀವಲ್ಲ, ಹಾಗೆ. ಪಾಪ, ಮಾಡಿದೋನ ಹೆಸರು ಹೋಗಬಾರ್ದು ಅಂತ. ಅಲ್ವಾ?"

ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಅತ್ತುಬಿಡೋಣ ಎನಿಸಿತು, ಯಾವುದಕ್ಕೆಂದು ನನಗೇ ತಿಳಿಯಲಿಲ್ಲ. "ಹೌದು" ಎಂದಷ್ಟೇ ಹೇಳಿದೆ. ಎದ್ದು ಹೋಗಿ ಕತ್ತಿಗೆ ಕೈಮುಗಿದೆ, ಅವಳು ಅದನ್ನು ಭಕ್ತಿ ಎಂದುಕೊಂಡಳು.

ಮೊರಿಟಾಗೆ ಫೋಟೊ ಕಳಿಸಿದೆ. ಮೂರನೆಯ ದಿನ ಒಂದು ಸಾಲು ಬಂತು: ನಿನ್ನ ಹೆಂಡತಿ ಬಹಳ ಶ್ರಮಪಟ್ಟಿದ್ದಾರೆ. ಹಿರಿಯರು ಏನೆಂದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೊದಲಿನ ಬಣ್ಣ ಬರಲು ಎಷ್ಟು ಕಾಲ ಬೇಕು ಎಂದಷ್ಟೇ ಕೇಳಿದೆ. ಹೆಚ್ಚೇನಿಲ್ಲ, ಇನ್ನೂರು ವರ್ಷ ಸಾಕು ಎಂದರು.

ಅಂದಿನಿಂದ ಪ್ರತಿ ಭಾನುವಾರ ಹಿಡಿ ಬಿಚ್ಚಿ, ತುಕ್ಕು ಬಂತೇ ಎಂದು ನೋಡುತ್ತೇನೆ. ವಿಮಲ ಎರಡು ಲೋಟ ಕಾಫಿ ತಂದು ಪಕ್ಕದಲ್ಲೇ ಕೂರುತ್ತಾಳೆ. ಆ ಕಮ್ಮಾರ ಯಾರು, ಯಾವ ಊರಿನವನು ಎಂದು ಕೇಳುತ್ತಾಳೆ. ಗೊತ್ತಿದ್ದಷ್ಟು ಹೇಳುತ್ತೇನೆ, ಗೊತ್ತಿಲ್ಲದ್ದನ್ನೂ ಸ್ವಲ್ಪ ಸೇರಿಸುತ್ತೇನೆ. ಮೊನ್ನೆ ಭಾನುವಾರ ಮಡಿಕೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಕಂಡಿತು. ನನ್ನ ಜೀವ ಹಿಗ್ಗಿತು. ಅಷ್ಟರಲ್ಲಿ ಅವಳೂ ಅದನ್ನು ನೋಡಿದಳು.

"ಅಯ್ಯೋ, ನೀವು ಬೇಜಾರು ಮಾಡ್ಕೋಬೇಡಿ ರೀ, ನಾನಿಲ್ವಾ?" ಎಂದು ಎದ್ದು, ಹುಣಸೇಹಣ್ಣಿನ ಡಬ್ಬಿ ತೆರೆದಳು.

ತಡೆಯಲೆಂದು ಬಾಯಿ ತೆರೆದೆ.

"ಬಿಸಿನೀರಲ್ಲಿ ನೆನೆಹಾಕು, ಬೇಗ ಆಗುತ್ತೆ" ಎಂದೆ.