ಮೂಕಿ ಚಿತ್ರದ ಕೋವಿಗೆ ಅರಿಶಿನ ಕುಂಕುಮ

ಯಾವ ಕೆಲಸವನ್ನೇ ಆಗಲಿ, ಕ್ರಮಬದ್ಧವಾಗಿ ಮಾಡಿದರೆ ಅದರಲ್ಲಿ ತಪ್ಪಿಗೆ ಅವಕಾಶವಿರುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ನಂಜನಗೂಡಿನ ಬಡಗಿಯ ಮಗನಾದ ನಾನು ಇಂದು ಸಿಡ್ನಿಯ ನಾರ್ವೆಸ್ಟ್‌ನ ಕಚೇರಿಯೊಂದರಲ್ಲಿ ಕುಳಿತು, ಎರಡು ಸಾಲಿನ ಇಮೇಲನ್ನು ಮೂರು ಬಾರಿ ಓದಿ, ಅಲ್ಪವಿರಾಮಗಳನ್ನು ಸರಿಪಡಿಸಿದ ಮೇಲೆಯೇ ಕಳುಹಿಸುತ್ತೇನೆ. ಇಂಥವನ ಕೈಗೆ ಒಂದು ಮರದ ಕೋವಿ ಸಿಕ್ಕಿದರೆ ಯಾವ ಅನಾಹುತವಾದೀತು? ಗುಂಡು ಹಾರದ ಕೋವಿ ಅದು. ಆದರೂ ಅನಾಹುತದ ಗುರಿ ತಪ್ಪಲಿಲ್ಲ.

ಎಲ್ಲವೂ ಆರಂಭವಾದದ್ದು ಮಗಳು ಅನುವಿನ ಶಾಲೆಯ ಪ್ರಾಜೆಕ್ಟ್‌ನಿಂದ. ಒಂಬತ್ತನೇ ತರಗತಿಯ ಅವಳು ಚರಿತ್ರೆಯ ಪಾಠಕ್ಕಾಗಿ, ಮೂಕಿ ಕಾಲದ ಯುದ್ಧಚಿತ್ರಗಳಲ್ಲಿ ಕಾಣುವ ಬಂದೂಕುಗಳ ವಿಷಯವನ್ನು ಆರಿಸಿಕೊಂಡಿದ್ದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನಮಗೆ ಹಳೆಯ ತುಣುಕುಗಳನ್ನು ತೋರಿಸುತ್ತಿದ್ದಳು. ಸೈನಿಕರು ಗುಂಡು ಹಾರಿಸುತ್ತಾರೆ, ಬಿಳಿ ಹೊಗೆ ಏಳುತ್ತದೆ, ಎದುರಿನವರು ಬೀಳುತ್ತಾರೆ. ಸದ್ದು ಮಾತ್ರ ಇಲ್ಲ.

"ಎಷ್ಟು ನೆಮ್ಮದಿ ಯುದ್ಧ ಇದು," ಎಂದಳು ನನ್ನ ಹೆಂಡತಿ ರಶ್ಮಿ. "ನಮ್ಮನೆ ಮಿಕ್ಸಿನೇ ಇದಕ್ಕಿಂತ ಜೋರು."

"ಅಮ್ಮಾ, ಲುಕ್ ಅಟ್ ದ ಬ್ಯಾಕ್ ರೋ," ಎಂದಳು ಅನು. ಮುಂದಿನ ಸಾಲಿನವರ ಕೈಯಲ್ಲಿ ಅಸಲಿ ಬಂದೂಕು, ಹಿಂದಿನವರ ಕೈಯಲ್ಲಿ ಬಣ್ಣ ಬಳಿದ ಮರದ್ದು ಎಂಬುದು ಅವಳ ಸಂಶೋಧನೆಯಾಗಿತ್ತು.

ಮೂರು ತಿಂಗಳ ವೀಸಾದ ಮೇಲೆ ಸಿಡ್ನಿಯ ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದ ಅಪ್ಪ ಕನ್ನಡಕವನ್ನು ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದರು. "ಹೌದು ಕಣವ್ವ. ಮರದ್ದು ಹಿಡ್ದಿರೋನು ನೋಡು, ಕೊಡೆ ಹಿಡ್ದೋನಂಗೆ ಓಡ್ತಾವ್ನೆ."

ಅನು ಆ ಮಾತನ್ನು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಅಪ್ಪನಿಗೆ ಅಂದು ರಾತ್ರಿಯ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಶಾಲೆಯ ರಜೆಯಲ್ಲಿ ನಾನೂ ಅನುವೂ ಮೆಲ್ಬರ್ನಿನ ಪಾಯಿಂಟ್ ಕುಕ್‌ಗೆ, ರಶ್ಮಿಯ ತಂಗಿ ವಿದ್ಯಾಳ ಮನೆಗೆ ಹೋದೆವು. ವಿದ್ಯಾಳ ಪಕ್ಕದ ಮನೆಯವರು ಮಾರ್ಗರೆಟ್, ಎಂಬತ್ತು ದಾಟಿದ ಹೆಂಗಸು. ಅವರ ತಂದೆ ಬಡಗಿ. ತರುಣನಾಗಿದ್ದಾಗ ಮೂಕಿ ಯುದ್ಧಚಿತ್ರಗಳಿಗೆ ಮರದ ಕೋವಿಗಳನ್ನು ಮಾಡಿಕೊಟ್ಟವರು. ಅವುಗಳಲ್ಲಿ ಉಳಿದಿದ್ದುದು ಒಂದೇ. ಅನುವಿನ ಉತ್ಸಾಹವನ್ನು ಕಂಡು ಮಾರ್ಗರೆಟ್ ಅದನ್ನು ಬೀರುವಿನಿಂದ ತೆಗೆದುಕೊಟ್ಟರು.

ಆ ಕೋವಿಗೆ ಒಂದೇ ಬದಿ ಇತ್ತು. ಕ್ಯಾಮೆರಾಕ್ಕೆ ಕಾಣುವ ಕಡೆ ನಳಿಗೆ, ಗುಂಡು ಹಾರಿಸುವ ಕುದುರೆ, ತಿರುಪು ಎಲ್ಲವನ್ನೂ ಕೆತ್ತಿ ಬಣ್ಣ ಬಳಿಯಲಾಗಿತ್ತು. ಇನ್ನೊಂದು ಕಡೆ ಬರೀ ಸಪಾಟು ಹಲಗೆ. ಅದರ ಹಿಡಿಯ ಹತ್ತಿರ ಪೆನ್ಸಿಲಿನಲ್ಲಿ ಇಂಗ್ಲಿಷ್ ಬರಹವಿತ್ತು: '7. ಈ ಬದಿ ಕ್ಯಾಮೆರಾಕ್ಕೆ ಬೇಡ.'

"ಅಪ್ಪನ ಕೈಬರಹ ಅಂತ ನನ್ನ ಹತ್ತಿರ ಇರುವುದು ಇದೊಂದೇ," ಎಂದರು ಮಾರ್ಗರೆಟ್. "ಎರಡು ವಾರ ಇಟ್ಟುಕೋ, ಮಗು. ಜೋಪಾನ."

ಮಗುವಿಗೆ ಹೇಳಿದ ಮಾತಿಗೆ ನಾನು ಎದ್ದು ನಿಂತು ಉತ್ತರಿಸಿದೆ. ಇದರ ಸಂಪೂರ್ಣ ಹೊಣೆ ನನ್ನದೆಂದು ಇಂಗ್ಲಿಷಿನಲ್ಲಿ, ಕರ್ತೃ ಕರ್ಮ ಕ್ರಿಯಾಪದಗಳು ಸ್ವಸ್ಥಾನದಲ್ಲಿರುವಂತೆ ಭರವಸೆ ಕೊಟ್ಟೆ. ಕೋವಿಯನ್ನು ವಿಮಾನದಲ್ಲಿ ತರುವ ಪ್ರಶ್ನೆಯೇ ಇರಲಿಲ್ಲ. ಸಂಬಂಧಪಟ್ಟ ಇಲಾಖೆಗೆ ನಾಲ್ಕು ಫೋಟೋಗಳೊಂದಿಗೆ ಪತ್ರ ಬರೆದು, ಇದು ಹಲಗೆಯೆಂದು ಅವರು ಉತ್ತರಿಸಿದ ಮೇಲೆ, ಅದನ್ನು ಎರಡು ರಗ್ಗುಗಳಲ್ಲಿ ಸುತ್ತಿ, ಹಿಂದಿನ ಸೀಟಿನಲ್ಲಿ ಮಲಗಿಸಿ, ಬೆಲ್ಟ್ ಹಾಕಿ ಒಂಬತ್ತು ಗಂಟೆ ಕಾರು ಓಡಿಸಿದೆ.

ಮನೆಯಲ್ಲಿ ಅಪ್ಪ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಕೂಸಿನಂತೆ ಸವರಿದರು. "ಒಳ್ಳೆ ಕೈ. ಆದ್ರೂ ಒಂದೇ ಮಗ್ಗುಲು ಕೆತ್ತವ್ನೆ. ಕಾಣೋ ಕಡೆ ಚೆನ್ನಾಗಿದ್ರೆ ಸಾಕು ಅಂತ. ನಿನ್ನಂಗೇ ಕಣೋ."

ನಾನು ನಕ್ಕೆ. ಅಷ್ಟಾಗಿ ನಗಲಿಲ್ಲ.

ಆ ವಾರದಲ್ಲೇ ಆಯುಧಪೂಜೆ ಬಂತು. ಪರದೇಶದಲ್ಲಿದ್ದರೂ ಮಗ ಏನನ್ನೂ ಮರೆತಿಲ್ಲವೆಂದು ಅಪ್ಪನಿಗೆ ತೋರಿಸುವ ಆಸೆ ನನ್ನದು. ಗ್ಯಾರೇಜನ್ನು ತೊಳೆದು, ಕಾರಿಗೆ ಹೂವಿನ ಹಾರ ಹಾಕಿ, ಲ್ಯಾಪ್‌ಟಾಪುಗಳನ್ನೂ ಅಪ್ಪ ಊರಿನಿಂದ ತಂದಿದ್ದ ಉಳಿಯನ್ನೂ ಮಣೆಯ ಮೇಲೆ ಜೋಡಿಸಿದೆ. ಆಗ ಹೊಳೆಯಿತು. ಇಷ್ಟು ವರ್ಷ ಆಯುಧಪೂಜೆಯ ಹೆಸರಿನಲ್ಲಿ ಸ್ಕೂಟರು, ಮಿಕ್ಸಿ, ವೈಫೈ ಡಬ್ಬಿಗಳಿಗೆ ಪೂಜೆ ಮಾಡಿದ್ದೇವೆ. ಮನೆಗೆ ಮೊದಲ ಬಾರಿ ಆಯುಧದಂಥದ್ದೊಂದು ಬಂದಿರುವಾಗ ಅದನ್ನೇ ಬಿಡುವುದೇ?

"ರೀ, ಅದು ಬೇರೆಯವರ ಸಾಮಾನು," ಎಂದಳು ರಶ್ಮಿ.

"ಯೋಚನೆ ಬೇಡ. ಕೆತ್ತನೆಯ ಬದಿಗೆ ನಾನು ಕೈಯನ್ನೇ ಹಚ್ಚುವುದಿಲ್ಲ," ಎಂದೆ. ಕೋವಿಯನ್ನು ಮಗುಚಿ, ಸಪಾಟು ಬದಿಯಲ್ಲಿ, ಅಕ್ಷರಗಳಿಂದ ಒಂದು ಗೇಣು ದೂರವನ್ನು ಅಳೆದು, ಕಲಸಿದ ಅರಿಶಿನದ ಮೂರು ಬೆರಳಿನ ಪಟ್ಟೆ ಎಳೆದು ಕುಂಕುಮವಿಟ್ಟೆ. ಮಂಗಳಾರತಿಯಾದ ಮೇಲೆ ಕಳಶದ ನೀರನ್ನು ಪ್ರೋಕ್ಷಿಸಿದೆ. ಅಪ್ಪನಿಗೆ ಕಾಣಲೆಂದು ಸ್ವಲ್ಪ ಧಾರಾಳವಾಗಿಯೇ ಪ್ರೋಕ್ಷಿಸಿದೆ.

ನೂರು ವರ್ಷದ ಒಣಮರ ಆ ನೀರನ್ನು ಬಾಯಾರಿದವರಂತೆ ಕುಡಿಯಿತು. ಅರಿಶಿನ ಒಂದು ಗೇಣಿನ ಗಡಿಯನ್ನು ಲೆಕ್ಕಿಸದೆ ಅಕ್ಷರಗಳತ್ತ ಹರಿಯಿತು.

"ಅಪ್ಪಾ, ವಾಟ್ ಹ್ಯಾವ್ ಯೂ ಡನ್?" ಎಂದಳು ಅನು.

ನಾನು ಗಾಬರಿಯಾಗಲಿಲ್ಲ. ಪದವೀಧರನು ಗಾಬರಿಯಾಗುವುದಿಲ್ಲ, ಪಾತ್ರೆ ತೊಳೆಯುವ ಸೋಪನ್ನು ತರುತ್ತಾನೆ. ಸೋಪು ತಗುಲಿದ ಕೂಡಲೇ ಹಳದಿ ಕಲೆ ಕೆಂಪಾಯಿತು. ಎಷ್ಟು ಯುದ್ಧಗಳಲ್ಲಿ ಪಾಲ್ಗೊಂಡರೂ ಒಂದು ಹನಿ ರಕ್ತ ಕಾಣದ ಕೋವಿ ನಮ್ಮ ಸ್ಕೋಫೀಲ್ಡ್ಸ್‌ನ ಗ್ಯಾರೇಜಿನಲ್ಲಿ ರಕ್ತಸಿಕ್ತವಾಯಿತು. ಅರಿಶಿನಕ್ಕೂ ಸೋಪಿಗೂ ಇರುವ ಈ ಸಂಬಂಧವನ್ನು ನಾನು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದಿದ್ದೆ. ಗಾಬರಿ ಈಗ ಆಯಿತು. ಸ್ಕ್ರಬ್ಬರ್ ತೆಗೆದುಕೊಂಡು ಉಜ್ಜಿದೆ.

"ಲೋ, ಉಜ್ಬೇಡ. ಇಲ್ಲಿ ಕೇಳು, ಆ ಅಕ್ಷರ..." ಎಂದರು ಅಪ್ಪ.

"ಸ್ವಲ್ಪ ಸುಮ್ನಿರಪ್ಪಾ. ನಂಗೊತ್ತು," ಎಂದೆ.

ಅಪ್ಪ ಸುಮ್ಮನಾದರು. ಕೆಂಪು ಸ್ವಲ್ಪ ತಗ್ಗಿತು. ಪೆನ್ಸಿಲಿನ ಅಕ್ಷರಗಳು ಪೂರ್ತಿಯಾಗಿ ಹೋದವು.

ಅನು ಅಳಲಿಲ್ಲ, ಅಳುವುದಕ್ಕಿಂತ ಕಷ್ಟವಾಗುವ ಹಾಗೆ ನನ್ನತ್ತ ನೋಡಿದಳು. "ದಟ್ ವಾಸ್ ಹರ್ ಡ್ಯಾಡ್," ಎಂದಳು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ, "ಅರಿಶಿನದ ಬಣ್ಣ ಬಿಸ್ಲಿಗೆ ಹೋಯ್ತದೆ," ಎಂದಷ್ಟೇ ಹೇಳಿದರು. ಮರುದಿನದಿಂದ ಕೋವಿಯನ್ನು ಹಿತ್ತಲಿನಲ್ಲಿ ಚಾಪೆಯ ಮೇಲೆ, ಹಪ್ಪಳದಂತೆ ಬಿಸಿಲಿಗಿಟ್ಟೆ. ಬೇಲಿಯ ಮೇಲಿನಿಂದ ಪಕ್ಕದ ಮನೆಯ ಪಂಜಾಬಿ ಅಂಕಲ್ ಇಣುಕಿದರು.

"ಭಾಯಿ ಸಾಬ್, ಸಬ್ ಠೀಕ್ ಹೈ ನಾ?"

"ಜೀ, ಪೂಜಾ ಕಾ ಸಾಮಾನ್ ಹೈ," ಎಂದೆ. ಅವರು ಕೋವಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಅರ್ಧ ಒಣಗಿದ್ದ ಬಟ್ಟೆಗಳನ್ನು ತೆಗೆದುಕೊಂಡು ಒಳಗೆ ಹೋದರು.

ನಾಲ್ಕು ದಿನಗಳಲ್ಲಿ ಕಲೆ ತೆಳುವಾಯಿತು. ಹೋದ ಅಕ್ಷರಗಳು ಮಾತ್ರ ಬಿಸಿಲಿಗೆ ಮರಳುವಂಥವಲ್ಲ. ಪ್ರಾಜೆಕ್ಟ್‌ಗಾಗಿ ಅನು ತೆಗೆದಿದ್ದ ಫೋಟೋ ನೋಡಿ ಹೊಸದಾಗಿ ಬರೆದುಬಿಡಬಹುದೆಂಬ ಯೋಚನೆ ನನಗೆ ಬಂದದ್ದು ನಿಜ. ಪೆನ್ಸಿಲನ್ನು ಚೂಪು ಕೂಡ ಮಾಡಿದ್ದೆ.

"ಬೇಡ," ಎಂದರು ಅಪ್ಪ. "ಆಯಮ್ಮನ ಮುಂದೆ ಹೋಗಿ ಹೇಳು. ನಾನೂ ಬತ್ತೀನಿ." ಪೆನ್ಸಿಲನ್ನು ನನ್ನ ಕೈಯಿಂದ ಕಸಿದು, ಬಡಗಿಯ ಅಭ್ಯಾಸದಂತೆ ಕಿವಿಗೆ ಸಿಕ್ಕಿಸಿಕೊಂಡರು.

ನಾನು ಎರಡು ರಾತ್ರಿ ಕುಳಿತು ಎರಡು ಹಾಳೆಗಳ ಕ್ಷಮಾಪಣಾ ಪತ್ರವನ್ನು ಸ್ವಹಸ್ತದಿಂದ ಬರೆದೆ. 'ಅನುದ್ದೇಶಿತ' ಎಂಬರ್ಥದ ಪದವನ್ನು ನಾಲ್ಕು ವಿಧದಲ್ಲಿ ಬಳಸಿದ್ದೆ. ಮತ್ತೆ ಒಂಬತ್ತು ಗಂಟೆಗಳ ಪ್ರಯಾಣ. ಈ ಬಾರಿ ಕೋವಿಯ ಪಕ್ಕದಲ್ಲಿ ಅಪ್ಪ ಕುಳಿತಿದ್ದರು, ಅವರ ಪಕ್ಕದಲ್ಲಿ ಅನು. ದಾರಿಯಲ್ಲಿ ಅಪ್ಪ ಎರಡು ಬಾರಿ, "ಲೋ, ಆ ಅಕ್ಷರದ ವಿಚಾರ..." ಎಂದು ಆರಂಭಿಸಿದರು. ನಾನು ಪತ್ರದ ಉಚ್ಚಾರಣೆಯನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಎರಡು ಬಾರಿಯೂ ಆಮೇಲೆ ಎಂದೆ.

ಮಾರ್ಗರೆಟ್ ಅವರ ನಡುಮನೆಯಲ್ಲಿ ನಾನು ನಿಂತೇ ಪತ್ರ ಓದಿದೆ. ಮೊದಲ ಹಾಳೆಯ ಮಧ್ಯದಲ್ಲಿ ಒಂದೇ ಸಾಲನ್ನು ಎರಡು ಸಲ ಓದಿದೆ. ಅಭ್ಯಾಸದಲ್ಲಿ ಹಾಗಾಗಿರಲಿಲ್ಲ. ಮಾರ್ಗರೆಟ್ ಕೋವಿಯನ್ನು ಮಗುಚಿ, ಅಕ್ಷರಗಳಿದ್ದ ಜಾಗದ ಮೇಲೆ ಬಹಳ ಹೊತ್ತು ಬೆರಳಾಡಿಸಿದರು.

"ನೀವು ಅಳಿಸಿದ್ದು ಅಪ್ಪನ ಅಕ್ಷರವಲ್ಲ," ಎಂದರು ಕೊನೆಗೆ. "ನನ್ನದು."

ಅವರ ತಂದೆ ಬರೆದದ್ದು ಪೆನ್ಸಿಲಿನಲ್ಲಿ ಅಲ್ಲವಂತೆ. ಮೊಳೆಯ ತುದಿಯಿಂದ ಗೀರಿದ್ದರಂತೆ. ಅದು ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಏಳು ವರ್ಷದ ಮಾರ್ಗರೆಟ್, ಅಪ್ಪನ ಅಕ್ಷರ ಎಲ್ಲರಿಗೂ ಕಾಣಲೆಂದು, ಹೇಳದೆ ಕೇಳದೆ ಆ ಗೀರುಗಳ ಮೇಲೆಯೇ ಪೆನ್ಸಿಲಿನಿಂದ ತಿದ್ದಿದ್ದರು. "ಬಂದವರಿಗೆಲ್ಲ ಇದು ಅಪ್ಪನ ಕೈ ಎಂದು ತೋರಿಸಿ ತೋರಿಸಿ, ಕೊನೆಗೆ ನಾನೇ ನಂಬಿಬಿಟ್ಟೆ. ನನ್ನ ಸೊಟ್ಟ ಅಕ್ಷರದ ಕೆಳಗೆ ಅವರದು ಇದೆ ಅನ್ನೋದನ್ನೇ ಮರೆತಿದ್ದೆ."

ನಾನು ಅಪ್ಪನಿಗೆ ಇದನ್ನು ಕನ್ನಡದಲ್ಲಿ ವಿವರಿಸಲು ಹೊರಟೆ.

"ಗೊತ್ತು ಕಣೋ," ಎಂದರು ಅಪ್ಪ. "ಮೊದಲ್ನೆ ದಿನ ಸವರಿದಾಗ್ಲೇ ಗೀರು ಬೆರಳ್ಗೆ ಸಿಕ್ತು. ಅದ್ನೇ ಹೇಳಕ್ಕೆ ಬಂದೆ. ಸುಮ್ನಿರು ಅಂದೆ."

ಅಪ್ಪನ ಪಾಲಿಗೆ ಅದು ಆಕ್ಷೇಪವಾಗಿರಲಿಲ್ಲ, ಬರೀ ವರದಿ.

ಅಪ್ಪ ನನ್ನ ಕೈಯಿಂದ ಪತ್ರದ ಮೊದಲ ಹಾಳೆಯನ್ನು ತೆಗೆದುಕೊಂಡು, ಖಾಲಿ ಬದಿ ಮೇಲೆ ಬರುವಂತೆ ತಿರುವಿ, ಕೋವಿಯ ಸಪಾಟು ಮೈಮೇಲೆ ಹಾಸಿದರು. ಕಿವಿಯಿಂದ ಪೆನ್ಸಿಲ್ ತೆಗೆದು, ಅದನ್ನು ಹಾಳೆಯ ಮೇಲೆ ಮಲಗಿಸಿ ಮೆಲ್ಲಗೆ ಉಜ್ಜತೊಡಗಿದರು. ಬೂದುಬಣ್ಣದ ನಡುವೆ ಬಿಳಿ ಗೆರೆಗಳು ಒಂದೊಂದಾಗಿ ಎದ್ದವು. ಮೊದಲು ಏಳರ ಅಂಕೆ. ಆಮೇಲೆ ನೇರವಾದ, ಅವಸರವಿಲ್ಲದ, ಒಬ್ಬ ಕೆಲಸಗಾರನ ಅಕ್ಷರಗಳು.

ಮಾರ್ಗರೆಟ್ ಅಪ್ಪನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಅಪ್ಪನಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ಮರವನ್ನು ಬೆರಳಿನಿಂದ ತೋರಿಸುತ್ತ ಒಂದು ಗಂಟೆ ಮಾತನಾಡಿದರು. ಮೂಕಿ ಚಿತ್ರದಂತೆಯೇ ಎಲ್ಲವೂ ಅರ್ಥವಾಗುತ್ತಿತ್ತು. ಭಾಷಾಂತರಕ್ಕೆಂದು ಎರಡು ಸಲ ಬಾಯಿ ತೆರೆದೆ. ಅನು ನನ್ನ ತೋಳು ಹಿಡಿದು, "ಅಪ್ಪಾ, ಸ್ವಲ್ಪ ಸುಮ್ನಿರು," ಎಂದಳು. ಕನ್ನಡದಲ್ಲೇ ಅಂದಳು.

ಅನುವಿನ ಪ್ರಾಜೆಕ್ಟ್‌ಗೆ ಒಳ್ಳೆಯ ಅಂಕ ಬಂತು. ಅರಿಶಿನದ ತೆಳು ಛಾಯೆ ಇರಲಿ ಬಿಡಿ ಎಂದು ಮಾರ್ಗರೆಟ್ ಹೇಳಿ ಕಳುಹಿಸಿದ್ದಾರೆ. ಮಾರ್ಗರೆಟ್ ಅವರ ಮನೆಯ ಫೋಟೋ ಒಂದನ್ನು ಮೊನ್ನೆ ವಿದ್ಯಾ ಕಳುಹಿಸಿದಳು. ಗೋಡೆಯ ಮೇಲೆ ಕೋವಿ, ಅದರ ಕೆಳಗೆ ಕಟ್ಟು ಹಾಕಿಸಿದ ನನ್ನ ಕ್ಷಮಾಪಣಾ ಪತ್ರದ ಮೊದಲ ಹಾಳೆ. ಎರಡು ರಾತ್ರಿ ನಿದ್ದೆಗೆಟ್ಟು, ಒಂದು ಅಲ್ಪವಿರಾಮವೂ ತಪ್ಪದಂತೆ ನಾನು ಬರೆದ ಬದಿ ಗೋಡೆಯ ಕಡೆಗಿದೆ.